ಕಾರು ಇರುವಲ್ಲಿಗೇ ಹೋಗಿ ಸ್ಟೀರಿಯೋ, ಕ್ಯಾಮೆರಾ ಫಿಟ್ಟಿಂಗ್: ತುಮಕೂರು ಕಡೆ ಈ ಕೆಲಸ ಶುರು ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವಾರಕ್ಕೆ ಒಬ್ಬರಾದರೂ ಫೋನ್ ಮಾಡುತ್ತಾರೆ. "ಅಣ್ಣಾ, ನಾನೂ ಈ ಕೆಲಸ ಶುರು ಮಾಡಬೇಕು ಅಂತಿದ್ದೀನಿ, ಏನೇನು ಬೇಕು?" ಕೇಳುವುದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಪ್ರತಿ ಸಲ ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿಕೊಂಡು, ಭುಜಕ್ಕೂ ಕಿವಿಗೂ ನಡುವೆ ಫೋನ್ ಒತ್ತಿಕೊಂಡು ಉತ್ತರ ಹೇಳಿ ಕುತ್ತಿಗೆ ಹಿಡಿದುಕೊಂಡಿದೆ. ಅದಕ್ಕೇ ಬರೆದಿಟ್ಟಿದ್ದೇನೆ.

ಅಂಗಡಿ ಇಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಇಲ್ಲಿ ಗಿರಾಕಿ ನಮ್ಮ ಹತ್ತಿರ ಬರುವುದಿಲ್ಲ. ನಾವೇ ಸಾಮಾನು ಹೊತ್ತುಕೊಂಡು ಅವರ ಮನೆ ಮುಂದೆ, ಫ್ಯಾಕ್ಟರಿ ಪಾರ್ಕಿಂಗ್‌ನಲ್ಲಿ, ತೋಟದ ಮನೆಯ ಅಂಗಳದಲ್ಲಿ ಕೆಲಸ ಮುಗಿಸಿ ಬರುತ್ತೇವೆ. ಸ್ಟೀರಿಯೋ, ಆಂಡ್ರಾಯ್ಡ್ ಸೆಟ್, ಸ್ಪೀಕರ್, ಆಂಪ್ಲಿಫೈಯರ್, ರಿವರ್ಸ್ ಕ್ಯಾಮೆರಾ, ಪಾರ್ಕಿಂಗ್ ಸೆನ್ಸರ್, ಡ್ಯಾಶ್‌ಕ್ಯಾಮ್, ಸೆಂಟ್ರಲ್ ಲಾಕ್, ಟ್ರ್ಯಾಕರ್. ಸೀಟ್ ಕವರ್, ಮ್ಯಾಟ್ ಕೇಳುವವರೂ ಇರುತ್ತಾರೆ. ನಾನು ಆ ಗೋಜಿಗೆ ಹೋಗಿಲ್ಲ.

ಅಂಗಡಿಯವನಿಗೆ ಬಾಡಿಗೆ ಖರ್ಚು, ನಮಗೆ ಪೆಟ್ರೋಲ್ ಖರ್ಚು. ಅಂಗಡಿಯಲ್ಲಾದರೆ ಒಂದು ಫ್ಯೂಸ್ ಬೇಕಾದಾಗ ಹಿಂದೆ ತಿರುಗಿ ತೆಗೆದುಕೊಂಡರಾಯಿತು. ಮಧುಗಿರಿಯಲ್ಲಿ ಕಾರಿನ ಅರ್ಧ ಬಿಚ್ಚಿಟ್ಟಾಗ ಫ್ಯೂಸ್ ಡಬ್ಬಿ ಮನೆಯಲ್ಲೇ ಉಳಿದಿದೆ ಅಂತ ಗೊತ್ತಾದರೆ ಅವತ್ತಿನ ದುಡಿಮೆ ಅಲ್ಲಿಗೆ ಹೋಯಿತು. ನನ್ನ ಲೆಕ್ಕದಲ್ಲಿ ಈ ಕೆಲಸದಲ್ಲಿ ಲಾಭ ಅಂದರೆ ಒಂದೇ: ಒಮ್ಮೆ ಹೋದ ಮನೆಗೆ ಅದೇ ಕೆಲಸಕ್ಕೆ ಮತ್ತೆ ಹೋಗದೇ ಇರುವುದು.

ಎಲ್ಲರೂ ಬೆಂಗಳೂರಿನ ಜೆ.ಸಿ. ರಸ್ತೆಗೇ ಹೋಗಿ ಹಾಕಿಸಿಕೊಳ್ಳುತ್ತಾರಲ್ಲ, ತುಮಕೂರಿನಲ್ಲಿ ಗಿರಾಕಿ ಎಲ್ಲಿ?

ಹೋಗುತ್ತಿದ್ದರು, ಈಗಲೂ ಕೆಲವರು ಹೋಗುತ್ತಾರೆ. ಆದರೆ ಎಪ್ಪತ್ತು ಕಿಲೋಮೀಟರ್ ಹೋಗಿ, ಟೋಲ್ ಕಟ್ಟಿ, ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು, ಒಂದು ದಿನ ರಜೆ ಹಾಕಿ ಒಂದು ಕ್ಯಾಮೆರಾ ಹಾಕಿಸಿಕೊಂಡು ಬರುವಷ್ಟು ತಾಳ್ಮೆ ಎಲ್ಲರಿಗೂ ಇಲ್ಲ. ಅದಕ್ಕಿಂತ ದೊಡ್ಡ ಬದಲಾವಣೆ ಆನ್‌ಲೈನ್ ಖರೀದಿ. ಸೆಟ್ಟು ಪಾರ್ಸೆಲ್‌ನಲ್ಲಿ ಮನೆಗೇ ಬರುತ್ತದೆ. ಆಮೇಲೆ ಅದನ್ನು ಹಾಕುವವರು ಯಾರು ಅಂತ ಹುಡುಕಾಟ ಶುರು. ನನ್ನ ಅರ್ಧಕ್ಕರ್ಧ ಕೆಲಸ ಹೀಗೆ ಬರುವುದು.

ನಮ್ಮದು ಹತ್ತು ತಾಲ್ಲೂಕಿನ ಜಿಲ್ಲೆ. ಗುಬ್ಬಿ ಇಪ್ಪತ್ತು ಕಿಲೋಮೀಟರ್, ಶಿರಾ ಐವತ್ತು, ಪಾವಗಡ ನೂರರ ಆಸುಪಾಸು. ವಸಂತನರಸಾಪುರದ ಕಾರ್ಖಾನೆಗಳಲ್ಲಿ ಶಿಫ್ಟ್ ಮಾಡುವವರಿಗೆ ಭಾನುವಾರ ಬಿಟ್ಟರೆ ಬಿಡುವಿಲ್ಲ. ಹಾಗಾಗಿ ಭಾನುವಾರ ನಿಮಗೆ ರಜೆ ಇರುವುದಿಲ್ಲ ಅಂತ ಮನೆಯಲ್ಲಿ ಈಗಲೇ ಹೇಳಿಬಿಡಿ.

ಕೆಲಸ ಎಲ್ಲಿ ಕಲಿಯಬೇಕು? ವಿಡಿಯೋ ನೋಡಿ ಕಲಿತರೆ ಸಾಲದಾ?

ಪ್ಯಾನೆಲ್ ಯಾವ ಕಡೆಯಿಂದ ಎಳೆಯಬೇಕು ಅಂತ ನೋಡಲು ವಿಡಿಯೋ ಸಾಕು. ನಾನೂ ಹೊಸ ಮಾಡೆಲ್ ಬಂದರೆ ಹಿಂದಿನ ರಾತ್ರಿ ನೋಡಿಕೊಂಡೇ ಹೋಗುವುದು. ಆದರೆ ಕೈಗೆ ಅಂದಾಜು ಬರಬೇಕಾದರೆ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಆರು ತಿಂಗಳಾದರೂ ಕೂರಬೇಕು. ಕ್ಲಿಪ್ ಬಿಡುವ ಸದ್ದಿಗೂ ಕ್ಲಿಪ್ ಮುರಿಯುವ ಸದ್ದಿಗೂ ಇರುವ ವ್ಯತ್ಯಾಸ ವಿಡಿಯೋದಲ್ಲಿ ಕೇಳಿಸುವುದಿಲ್ಲ.

ಐಟಿಐನಲ್ಲಿ ಆಟೋ ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಅನ್ನುವ ಟ್ರೇಡ್ ಇದೆ, ಮಾಡಿದ್ದರೆ ಒಳ್ಳೆಯದು. ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ ಸಮೇತ ಉಚಿತ ತರಬೇತಿ ಕೊಡುತ್ತಾರೆ. ಅಲ್ಲಿ ಲೆಕ್ಕ ಬರೆಯುವುದು, ಬ್ಯಾಂಕಿನವರ ಜೊತೆ ಮಾತಾಡುವುದು ಇದನ್ನೂ ಹೇಳಿಕೊಡುತ್ತಾರೆ. ಅದೂ ಬೇಕು.

ಬಂಡವಾಳ ಎಷ್ಟು ಬೇಕು? ಯಾವ ಯಾವ ಸಾಮಾನು?

ಗಾಡಿ ಬಿಟ್ಟು 20,000ದಿಂದ 25,000 ರೂಪಾಯಿಯಲ್ಲಿ ಶುರು ಮಾಡಬಹುದು. ಮೊದಲು ಒಂದು ಒಳ್ಳೆಯ ಡಿಜಿಟಲ್ ಮಲ್ಟಿಮೀಟರ್. ಇದರಲ್ಲಿ ಜುಗ್ಗತನ ಬೇಡ, 10 ಆಂಪಿಯರ್ ತನಕ ಡಿಸಿ ಕರೆಂಟ್ ಅಳೆಯುವಂಥದ್ದೇ ತಗೊಳ್ಳಿ. ಆಮೇಲೆ ಪ್ಲಾಸ್ಟಿಕ್ ಪ್ಯಾನೆಲ್ ಎತ್ತುವ ಪಟ್ಟಿಗಳ ಸೆಟ್, ಕ್ರಿಂಪಿಂಗ್ ಪ್ಲೈಯರ್, ವೈರ್ ಸ್ಟ್ರಿಪ್ಪರ್, ಸೋಲ್ಡರಿಂಗ್ ಐರನ್, ಬ್ಯಾಟರಿ ಡ್ರಿಲ್, ಸಾಕೆಟ್ ಸ್ಪ್ಯಾನರ್ ಸೆಟ್, ತಲೆಗೆ ಕಟ್ಟುವ ಲೈಟು. ಹೀಟ್ ಶ್ರಿಂಕ್ ಟ್ಯೂಬ್, ಬಟ್ಟೆ ಟೇಪ್, ಎಲ್ಲಾ ಅಳತೆಯ ಫ್ಯೂಸ್ ಹತ್ತತ್ತು, ಮುರಿದರೆ ಹಾಕಲು ಬೇರೆ ಬೇರೆ ಕಂಪನಿಯ ಪ್ಯಾನೆಲ್ ಕ್ಲಿಪ್ಪು.

ಮಾಮೂಲಿ ಕರಿ ಇನ್ಸುಲೇಷನ್ ಟೇಪನ್ನು ಕಾರಿನೊಳಗೆ ನಂಬಬೇಡಿ. ಏಪ್ರಿಲ್ ಬಿಸಿಲಿಗೆ ಅದರ ಅಂಟು ಕರಗಿ, ಟೇಪು ಬಿಚ್ಚಿಕೊಂಡು ಬಾಲದ ಹಾಗೆ ನೇತಾಡುತ್ತದೆ. ಸ್ಕ್ರೂಡ್ರೈವರ್‌ನಿಂದ ಪ್ಯಾನೆಲ್ ಮೀಟುವುದೂ ಬೇಡ. ಒಂದು ಗೀರು ಬಿದ್ದರೆ ಗಿರಾಕಿಯ ಕಣ್ಣು ಕಾರು ಮಾರುವ ತನಕ ಅಲ್ಲೇ ಇರುತ್ತದೆ.

ಸೆಟ್ಟು, ಕ್ಯಾಮೆರಾ ಸ್ಟಾಕ್ ಮಾಡಬೇಡಿ. ಮುಂಗಡ ತಗೊಂಡು ತರಿಸಿದರೆ ಸಾಕು.

ಸ್ಕೂಟರ್ ಸಾಕಾ, ವ್ಯಾನ್ ಬೇಕಾ?

ಊರೊಳಗೆ, ಕ್ಯಾತ್ಸಂದ್ರದಿಂದ ಶಿರಾ ಗೇಟ್ ತನಕ ಓಡಾಡಲು ಸ್ಕೂಟರ್ ಧಾರಾಳ. ಸಬ್‌ವೂಫರ್ ಬಾಕ್ಸ್ ಸಾಗಿಸಲು ಮಾತ್ರ ಕಷ್ಟ. ಹಳೆಯ ಓಮ್ನಿ ಆಮೇಲೆ ನೋಡೋಣ.

ವೈರ್ ಬಣ್ಣ ನೋಡಿ ಜೋಡಿಸಿದರೆ ಆಯಿತಲ್ವಾ?

ಹೊಸ ಸೆಟ್ಟಿನ ಕಡೆ ಬಣ್ಣಕ್ಕೆ ಒಂದು ಪದ್ಧತಿ ಇದೆ. ಹಳದಿ ಸದಾ ಬ್ಯಾಟರಿ ಕರೆಂಟ್, ಕೆಂಪು ಕೀ ತಿರುಗಿಸಿದಾಗ ಬರುವ ಕರೆಂಟ್, ಕಪ್ಪು ಅರ್ಥ್, ಕಿತ್ತಳೆ ಲೈಟ್ ಹಾಕಿದಾಗ, ನೀಲಿ-ಬಿಳಿ ಆಂಪ್ಲಿಫೈಯರ್ ಎಬ್ಬಿಸಲು. ಸ್ಪೀಕರ್‌ನಲ್ಲಿ ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇದ್ದದ್ದು ನೆಗೆಟಿವ್.

ಕಾರಿನ ಕಡೆ ಈ ಪದ್ಧತಿ ಇಲ್ಲ. ಮಾರುತಿಯದು ಒಂದು, ಹುಂಡೈಯದು ಇನ್ನೊಂದು, ಹಳೆಯ ಕಾರಾದರೆ ಹಿಂದಿನ ಮೆಕ್ಯಾನಿಕ್‌ನದೇ ಮತ್ತೊಂದು. ಹಾಗಾಗಿ ಮೀಟರ್ ಹೇಳಿದ್ದೇ ಸರಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಕಾರಿನ ಬಾಡಿಯ ಪೇಂಟ್ ಇಲ್ಲದ ಬೋಲ್ಟ್‌ಗೆ ಒತ್ತಿ, ಕೆಂಪು ಕಡ್ಡಿಯನ್ನು ಒಂದೊಂದೇ ವೈರಿಗೆ ಮುಟ್ಟಿಸಿ. ಕೀ ತೆಗೆದಿದ್ದರೂ 12 ವೋಲ್ಟ್ ಮೇಲೆ ತೋರಿಸಿದರೆ ಅದು ಬ್ಯಾಟರಿ ಲೈನ್. ಕೀ ತಿರುಗಿಸಿದಾಗ ಮಾತ್ರ ತೋರಿಸಿ, ತೆಗೆದಾಗ ಸೊನ್ನೆಗೆ ಬಂದರೆ ಅದು ಕೆಂಪು ವೈರಿಗೆ ಸೇರಬೇಕಾದ್ದು. ಎಂಜಿನ್ ಓಡುವಾಗ 13.5ರಿಂದ 14.5 ಬಂದರೆ ಆಲ್ಟರ್ನೇಟರ್ ಸರಿಯಿದೆ. ಬಾರದಿದ್ದರೆ ಕೆಲಸ ಶುರು ಮಾಡುವ ಮುಂಚೆಯೇ ಗಿರಾಕಿಗೆ ತೋರಿಸಿಬಿಡಿ, ಆಮೇಲೆ ಹೇಳಿದರೆ "ನೀವು ಬಂದು ಹೋದ ಮೇಲೆ ಕೆಟ್ಟಿದ್ದು" ಆಗುತ್ತದೆ.

ಸ್ಪೀಕರ್ ವೈರಿನ ಪ್ಲಸ್ ಯಾವುದು ಅಂತ ಗೊತ್ತಾಗದಿದ್ದರೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ. ಟಪ್ ಅಂತ ಸದ್ದು ಬಂದು ಕೋನ್ ಹೊರಗೆ ಚಿಮ್ಮಿದರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಸ್ಪೀಕರ್ ಪ್ಲಸ್. ಒಂದು ಸ್ಪೀಕರ್ ಉಲ್ಟಾ ಆದರೂ ಹಾಡು ಬರುತ್ತದೆ, ಆದರೆ ಬಾಸ್ ಸತ್ತುಹೋಗುತ್ತದೆ.

ಇನ್ನೂ ಒಳ್ಳೆಯ ದಾರಿ, ಆ ಕಾರಿನದೇ ಕಪ್ಲರ್, ಅಂದರೆ ವೈರುಗಳ ತುದಿಗೆ ಸಿಕ್ಕಿಸುವ ಪ್ಲಗ್ಗು, ತಂದು ಕಂಪನಿ ವೈರ್ ಒಂದನ್ನೂ ಕತ್ತರಿಸದೆ ಜೋಡಿಸುವುದು. ಹೊಸ ಕಾರಾದರೆ ನಾನು ಕಪ್ಲರ್ ಇಲ್ಲದೆ ಕೆಲಸ ಒಪ್ಪುವುದೇ ಇಲ್ಲ. ಸ್ಟೀರಿಂಗ್ ಬಟನ್ ಕೆಲಸ ಮಾಡಲು ಕೆಲವು ಕಾರಿಗೆ ಕ್ಯಾನ್‌ಬಸ್ ಬಾಕ್ಸೂ ಬೇಕು, ಕಾರಿನ ಕಂಪ್ಯೂಟರಿನ ಮಾತನ್ನು ಸೆಟ್ಟಿಗೆ ಮುಟ್ಟಿಸುವುದು ಅದೇ.

ಕೆಲಸ ಆದ ಮೇಲೆ ಬ್ಯಾಟರಿ ಇಳಿಯುತ್ತಿದೆ ಅಂತ ಫೋನ್ ಬಂದರೆ?

ಬರುತ್ತದೆ. ನನಗೆ ಬಂದಿದ್ದು ಶುರುವಿನ ದಿನಗಳಲ್ಲಿ, ಗುಬ್ಬಿ ಹತ್ತಿರದ ಒಂದು ಹಳ್ಳಿಯಿಂದ. ಹಳೆಯ ಕಾರು, ಕೀ ಲೈನ್ ಎಷ್ಟು ಹುಡುಕಿದರೂ ಸಿಗಲಿಲ್ಲ. ಕತ್ತಲಾಗುತ್ತಿತ್ತು. ಕೆಂಪು, ಹಳದಿ ಎರಡನ್ನೂ ಸೇರಿಸಿ ಬ್ಯಾಟರಿ ಲೈನಿಗೇ ಕೊಟ್ಟೆ. "ಇಳಿಯುವಾಗ ಬಟನ್ ಒತ್ತಿ ಆಫ್ ಮಾಡಿ ಯಜಮಾನ್ರೇ" ಅಂತ ಹೇಳಿ ಬಂದೆ. ಮೂರನೇ ದಿನ ಬೆಳಿಗ್ಗೆ ಐದೂವರೆಗೆ ಫೋನ್. ಗೃಹಪ್ರವೇಶಕ್ಕೆ ಹೊರಟಿದ್ದಾರೆ, ಹೆಂಗಸರು ಮಕ್ಕಳು ಕಾರಲ್ಲಿ ಕೂತಿದ್ದಾರೆ, ಕೀ ತಿರುಗಿಸಿದರೆ ಟಕ್ ಟಕ್ ಅಷ್ಟೇ. ಪಕ್ಕದ ಮನೆಯ ಟ್ರ್ಯಾಕ್ಟರ್ ಬ್ಯಾಟರಿಯಿಂದ ವೈರ್ ಎಳೆದು ಹೇಗೋ ಸ್ಟಾರ್ಟ್ ಮಾಡಿಕೊಂಡು ಹೋದರು. ಸಂಜೆ ನಾನು ಹೋಗಿ, ಅವರ ಮುಖ ನೋಡದೆ, ಫ್ಯೂಸ್ ಬಾಕ್ಸಿನ ಹಿಂದೆ ಕೀ ಲೈನ್ ಹುಡುಕಿ ಸರಿ ಮಾಡಿದೆ. ಹುಡುಕಲು ಹಿಡಿದಿದ್ದು ಹತ್ತೇ ನಿಮಿಷ. ಆಮೇಲೆ ಯಜಮಾನ್ರು ಎರಡು ಎಳನೀರು ಕೆತ್ತಿ ಕೊಟ್ಟರು. ಬೈದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಲೆಕ್ಕ ಸುಲಭ. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್ ಅವರ್ ಅಂದುಕೊಳ್ಳಿ. ಆಫ್ ಆದಂತೆ ಕಂಡರೂ ಸೆಟ್ಟು ಒಳಗೊಳಗೆ ಅರ್ಧ ಆಂಪಿಯರ್ ಕುಡಿಯುತ್ತಿದ್ದರೆ ಎಪ್ಪತ್ತು ಗಂಟೆಗೆ ಬ್ಯಾಟರಿ ಪೂರ್ತಿ ಖಾಲಿ. ಸ್ಟಾರ್ಟ್ ಆಗದಿರಲು ಪೂರ್ತಿ ಖಾಲಿ ಆಗಬೇಕಿಲ್ಲ, ಅರ್ಧ ಆದರೂ ಸಾಕು.

ಹಾಗಾಗಿ ಈಗ ಹೊರಡುವ ಮುಂಚೆ ಅಳೆದೇ ಹೊರಡುತ್ತೇನೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆ ವೈರಿಗೂ ಬ್ಯಾಟರಿಗೂ ನಡುವೆ ಮೀಟರನ್ನು 10 ಆಂಪಿಯರ್ ಸಾಕೆಟ್‌ನಲ್ಲಿ ಸೇರಿಸಬೇಕು. ಬಾಗಿಲು ಮುಚ್ಚಿ, ಲಾಕ್ ಮಾಡಿ, ಕಾರಿನ ಕಂಪ್ಯೂಟರ್‌ಗಳು ಮಲಗಲು ಅರ್ಧ ಗಂಟೆ ಬಿಡಬೇಕು. ಅಷ್ಟರಲ್ಲಿ ಕಾಫಿ ಬಂದಿರುತ್ತದೆ. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಮೀಟರ್ ಸೇರಿಸಿಟ್ಟಾಗ ಯಾರೂ ಸ್ಟಾರ್ಟ್ ಮಾಡದಂತೆ ಕೀ ನಿಮ್ಮ ಜೇಬಿನಲ್ಲಿರಲಿ, ಇಲ್ಲದಿದ್ದರೆ ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ.

ಎಲ್ಲಾ ಸರಿಯಿದ್ದೂ ಕೆಟ್ಟರೆ ಇಲಿ ಕಡಿದಿದೆಯಾ ನೋಡಿ. ತೋಟದ ಮನೆಗಳಲ್ಲಿ ಇದು ಮಾಮೂಲು.

ಫ್ಯೂಸ್ ಎಲ್ಲಿ, ಎಷ್ಟರದು ಹಾಕಬೇಕು?

ಬ್ಯಾಟರಿಯಿಂದ ನೇರವಾಗಿ ವೈರ್ ಎಳೆದರೆ ಒಂದು ಮೊಳದೊಳಗೆ ಫ್ಯೂಸ್ ಇರಲೇಬೇಕು. ಫ್ಯೂಸ್ ಇರುವುದು ಸೆಟ್ಟನ್ನು ಕಾಯಲು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಕಾಯುವುದು ವೈರನ್ನು. ಎಂಜಿನ್ ಗೋಡೆ ದಾಟುವಲ್ಲಿ ವೈರ್ ಸವೆದು ಲೋಹಕ್ಕೆ ತಗುಲಿದರೆ, ಫ್ಯೂಸ್ ದೂರದಲ್ಲಿದ್ದರೆ, ಬೆಂಕಿ ಹತ್ತುವುದು ಅಲ್ಲಿಂದಲೇ. ವೈರ್ ದಾಟುವ ತೂತಿಗೆ ರಬ್ಬರ್ ಬುಷ್ ತಪ್ಪಿಸಬೇಡಿ.

ಫ್ಯೂಸಿನ ಬಣ್ಣ ನೋಡಿದರೆ ಎಷ್ಟರದು ಅಂತ ಗೊತ್ತಾಗುತ್ತದೆ: 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ನಿಜವಾಗಿ 300 ವ್ಯಾಟ್ ಕೊಡುವ ಆಂಪ್ಲಿಫೈಯರ್ ಜೋರಾಗಿ ಹಾಡಿದರೆ ಸುಮಾರು 30 ಆಂಪಿಯರ್ ಎಳೆಯುತ್ತದೆ, ಅದಕ್ಕೆ ತಕ್ಕ ದಪ್ಪ ವೈರ್ ಬೇಕು. ಅಗ್ಗದ ಕಿಟ್‌ನ ವೈರ್ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ. ಎಳೆಯುವುದಾದರೆ ಇನ್ನೂ ದಪ್ಪದ್ದು ಎಳೆಯಬೇಕು.

ಏರ್‌ಬ್ಯಾಗ್ ಇರುವ ಕಾರು ಮುಟ್ಟಲು ಭಯ ಆಗುತ್ತದೆ.

ಆಗಲಿ, ಒಳ್ಳೆಯದೇ. 2019ರ ಜುಲೈ ನಂತರ ತಯಾರಾದ ಕಾರುಗಳಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ, ಈಗ ಆರು ಏರ್‌ಬ್ಯಾಗ್ ಇರುವವೂ ಸಾಕಷ್ಟಿವೆ. ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗ್‌ನದು. ಅದಕ್ಕೆ ಟೆಸ್ಟ್ ಲ್ಯಾಂಪ್ ಆಗಲಿ ಮೀಟರ್ ಆಗಲಿ ಚುಚ್ಚಬಾರದು. ಡ್ಯಾಶ್ ಬಿಚ್ಚುವ ಮುಂಚೆ ಬ್ಯಾಟರಿ ನೆಗೆಟಿವ್ ತೆಗೆದು ಹತ್ತು ನಿಮಿಷ ಸುಮ್ಮನಿರಿ. ಕಪ್ಲರ್ ಬಿಚ್ಚಿಟ್ಟು ಕೀ ಆನ್ ಮಾಡಿದರೆ ಏರ್‌ಬ್ಯಾಗ್ ದೀಪ ಹತ್ತಿ ಕೂರುತ್ತದೆ, ಆರಿಸಲು ಸ್ಕ್ಯಾನರ್ ಬೇಕಾಗಬಹುದು.

ಡ್ಯಾಶ್‌ಕ್ಯಾಮ್ ಹಾಕುವಾಗ ಮುಂದಿನ ಗಾಜಿನ ಪಕ್ಕದ ಕಂಬದೊಳಗೆ ಕರ್ಟನ್ ಏರ್‌ಬ್ಯಾಗ್ ಇದ್ದರೆ ವೈರ್ ಅದರ ಹಿಂದಿನಿಂದ ಹೋಗಬೇಕು. ಮುಂದೆ ಹೋದರೆ ಬ್ಯಾಗ್ ಬಿಚ್ಚುವಾಗ ವೈರು ಅಡ್ಡ ಬರುತ್ತದೆ.

ರಿವರ್ಸ್ ಕ್ಯಾಮೆರಾದಲ್ಲಿ ಹೊಸಬರು ಎಲ್ಲಿ ಎಡವುತ್ತಾರೆ?

ಮೂರು ಕಡೆ. ಡಿಕ್ಕಿ ಬಾಗಿಲಿನಿಂದ ಒಳಗೆ ವೈರ್ ತರುವಾಗ ಬೀಡಿಂಗ್ ಪಕ್ಕದಿಂದ ತೂರಿಸಿಬಿಡುತ್ತಾರೆ, ಮೊದಲ ಮಳೆಗೆ ಡಿಕ್ಕಿಯಲ್ಲಿ ನೀರು. ಕಂಪನಿಯ ರಬ್ಬರ್ ಕೊಳವೆಯೊಳಗಿಂದಲೇ ತರಬೇಕು. ಸ್ವಲ್ಪ ಸೋಪಿನ ನೀರು ಹಚ್ಚಿದರೆ ವೈರ್ ಜಾರಿಕೊಂಡು ಹೋಗುತ್ತದೆ. ಎರಡನೆಯದು, ರಿವರ್ಸ್ ಲೈಟಿನಿಂದ ಕರೆಂಟ್ ತಗೊಂಡು ವಿಡಿಯೋ ಕೇಬಲ್ ಜೊತೆಗಿನ ಸಣ್ಣ ಕೆಂಪು ವೈರನ್ನು ಸೆಟ್ಟಿನ ರಿವರ್ಸ್ ವೈರಿಗೆ ಸೇರಿಸಲು ಮರೆಯುವುದು. ಮರೆತರೆ ಕ್ಯಾಮೆರಾ ಸರಿಯಿದ್ದರೂ ಪರದೆ ತಾನಾಗಿ ಬದಲಾಗುವುದಿಲ್ಲ. ಮೂರನೆಯದು, ಕೆಲವು ಯುರೋಪ್ ಕಂಪನಿ ಕಾರುಗಳಲ್ಲಿ ರಿವರ್ಸ್ ಲೈಟಿಗೆ ಕರೆಂಟ್ ಬಿಟ್ಟು ಬಿಟ್ಟು ಬರುತ್ತದೆ, ಚಿತ್ರ ನಡುಗುತ್ತದೆ. ನಡುವೆ ಫಿಲ್ಟರ್ ಹಾಕಬೇಕು. ಕ್ಯಾಮೆರಾ ಕೆಟ್ಟಿದೆ ಅಂತ ಬದಲಾಯಿಸುತ್ತಾ ಕೂರಬೇಡಿ.

ಸೆನ್ಸರ್ ಕೆಲಸ ಹಳೆಯ ಕಾರುಗಳಲ್ಲೇ ಜಾಸ್ತಿ, 2019ರ ಜುಲೈಯಿಂದ ಹೊಸ ಕಾರಿನ ಜೊತೆಗೇ ಹಿಂದಿನ ಸೆನ್ಸರ್ ಬರುತ್ತದೆ. ಬಂಪರ್ ಕೊರೆಯುವ ಮುಂಚೆ ಮಾಸ್ಕಿಂಗ್ ಟೇಪ್ ಅಂಟಿಸಿ, ಗುರುತು ಹಾಕಿ, ಗಿರಾಕಿಯನ್ನು ಕರೆದು ತೋರಿಸಿ. ತೂತು ಕೊರೆದ ಮೇಲೆ ಮುಚ್ಚುವುದಕ್ಕೆ ಆಗುವುದಿಲ್ಲ.

ಎಲೆಕ್ಟ್ರಿಕ್ ಕಾರಿನ ಕೆಲಸ ತಗೊಳ್ಳಬಹುದಾ?

ಅದರಲ್ಲೂ 12 ವೋಲ್ಟ್ ಬ್ಯಾಟರಿ ಬೇರೆಯೇ ಇರುತ್ತದೆ, ಡ್ಯಾಶ್‌ಕ್ಯಾಮ್‌ನಂಥ ಸಣ್ಣ ಕೆಲಸ ಅದರಿಂದ ಮಾಡಬಹುದು. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಮಾತ್ರ ಮುಟ್ಟಬೇಡಿ, ಅದರಲ್ಲಿ ಇರುವುದು ನೂರಾರು ವೋಲ್ಟ್.

ಆನ್‌ಲೈನ್‌ನಲ್ಲಿ ಅವರೇ ತರಿಸಿದ ಸೆಟ್ಟು ಕೆಟ್ಟರೆ ಯಾರ ತಲೆಗೆ?

ಮೊದಲೇ ಮಾತಾಡದಿದ್ದರೆ ನಿಮ್ಮ ತಲೆಗೇ. ನಾನು ಪ್ಯಾನೆಲ್ ಬಿಚ್ಚುವ ಮುಂಚೆ ಸೆಟ್ಟನ್ನು ಸೀಟಿನ ಮೇಲಿಟ್ಟು 12 ವೋಲ್ಟ್ ಕೊಟ್ಟು ಆನ್ ಮಾಡಿ ತೋರಿಸುತ್ತೇನೆ. ನನ್ನ ವೈರಿಂಗ್‌ಗೆ ಒಂದು ವರ್ಷ ನಾನು ಹೊಣೆ, ಸೆಟ್ಟಿಗೆ ಮಾರಿದವರು. ಇದನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸಿ "ಸರಿ" ಅನ್ನಿಸಿಕೊಂಡ ಮೇಲೇ ಕೈ ಹಚ್ಚುವುದು.

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಕೆಲಸಕ್ಕೆ ಮುಂಚೆ ಎರಡು ನಿಮಿಷದ ವಿಡಿಯೋ: ಹಾರ್ನ್, ವೈಪರ್, ಎಸಿ, ಗಾಜು ಏರಿಸುವುದು ಇಳಿಸುವುದು, ಮೀಟರ್ ಬೋರ್ಡಿನ ದೀಪಗಳು, ಡ್ಯಾಶ್ ಮೇಲಿನ ಗೀರು. ಎಷ್ಟು ಜಗಳ ಇದರಿಂದಲೇ ತಪ್ಪಿದೆ ಅಂತ ಲೆಕ್ಕ ಇಟ್ಟಿಲ್ಲ.

ಎಷ್ಟು ಚಾರ್ಜ್ ಮಾಡಬೇಕು?

ನಾನು ತಗೊಳ್ಳುವುದು ಹೀಗೆ. ಕಪ್ಲರ್ ಇರುವ ಸೆಟ್ ಬದಲಾವಣೆಗೆ 700, ಕ್ಯಾಮೆರಾಗೆ 600, ವೈರ್ ಕಾಣದಂತೆ ಡ್ಯಾಶ್‌ಕ್ಯಾಮ್‌ಗೆ 800, ನಾಲ್ಕು ಸೆನ್ಸರ್‌ಗೆ 900. ಹತ್ತು ಕಿಲೋಮೀಟರ್ ದಾಟಿದರೆ ಕಿಲೋಮೀಟರ್‌ಗೆ ಹತ್ತು ರೂಪಾಯಿ, ಹೋಗಿ ಬರುವುದು ಎರಡೂ ಸೇರಿ. "ಅಲ್ಲಿ ಮುನ್ನೂರಕ್ಕೆ ಮಾಡ್ತಾರೆ" ಅಂದರೆ "ಮಾಡಿಸಿಕೊಳ್ಳಿ ಸಾರ್" ಅನ್ನಲು ಕಲಿಯಿರಿ. ಪಾವಗಡಕ್ಕೆ ಒಂದೇ ಕೆಲಸಕ್ಕೆ ಹೋಗಬೇಡಿ. ಎರಡು ಮೂರು ಸೇರಿದ ಮೇಲೆ ದಿನ ಗೊತ್ತು ಮಾಡಿ.

ಮೊದಲ ಆರು ತಿಂಗಳು ವಾರಕ್ಕೆ ನಾಲ್ಕೈದು ಕೆಲಸ ಬಂದರೂ ಖುಷಿಪಡಿ. ಕೈಯಲ್ಲಿರುವ ನೌಕರಿ ಅಷ್ಟರ ತನಕ ಬಿಡಬೇಡಿ.

ಯಾವ ಕೆಲಸ ಬೇಡ ಅನ್ನಬೇಕು?

ಕಣ್ಣು ಕುಕ್ಕುವ ಹೆಡ್‌ಲೈಟ್, ಹಾಡು ಹಾಡುವ ಹಾರ್ನ್. ಎಚ್4 ಬಲ್ಬ್ 60/55 ವ್ಯಾಟ್‌ನದು ಇರಬೇಕು. "100/90 ಹಾಕಿ ರಿಲೇ ಕೊಡಿ" ಅಂತ ಕೇಳುವವರು ದಿನಾ ಸಿಗುತ್ತಾರೆ. ಕಾನೂನು ಒಪ್ಪದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯಲ್ಲಿ ಗಾಡಿ ಮಾಲೀಕರಿಗೆ ಒಂದೊಂದಕ್ಕೆ 5,000 ರೂಪಾಯಿ ದಂಡ ಬೀಳಬಹುದು, ಆರು ತಿಂಗಳ ತನಕ ಜೈಲೂ ಇದೆ. ಡ್ರೈವರ್ ನೋಡುವ ಪರದೆಯಲ್ಲಿ ಗಾಡಿ ಓಡುವಾಗ ಸಿನಿಮಾ ಬರುವಂತೆ ಮಾಡಿಕೊಡುವುದೂ ನನ್ನಿಂದ ಆಗುವುದಿಲ್ಲ. ಹೈವೇ ಪಕ್ಕದ ಊರಿನಲ್ಲಿದ್ದುಕೊಂಡು ನೋಡಬಾರದ್ದು ಸಾಕಷ್ಟು ನೋಡಿದ್ದೇನೆ.

ಟ್ಯಾಕ್ಸಿ, ಬಸ್ಸಿನವರು ಟ್ರ್ಯಾಕರ್ ಕೇಳಿದರೆ ಸ್ವಲ್ಪ ತಡೆಯಿರಿ. ಪ್ರಯಾಣಿಕರ ಬಾಡಿಗೆ ವಾಹನಕ್ಕೆ ಎಐಎಸ್-140 (ವಾಹನ ಟ್ರ್ಯಾಕರ್‌ಗೆ ಇರುವ ಸರ್ಕಾರಿ ಮಾನದಂಡ) ಮಾನ್ಯತೆ ಇರುವ, ಪ್ಯಾನಿಕ್ ಬಟನ್ ಜೊತೆಗಿನ ಸಾಧನವೇ ಬೇಕು, ಅದನ್ನು ಅಧಿಕೃತ ಮಾರಾಟಗಾರರೇ ಹಾಕಬೇಕು. ಸ್ವಂತ ಕಾರಿನ ಮಾಮೂಲಿ ಟ್ರ್ಯಾಕರ್‌ಗೆ ಆ ತೊಡಕಿಲ್ಲ. ಕಾರಿನ ಆರ್‌ಸಿ ಯಾರ ಹೆಸರಲ್ಲಿದೆ ನೋಡಿಯೇ ಹಾಕಿ. ಹೆಂಡತಿ ಕಾರಿಗೆ ಗೊತ್ತಾಗದ ಹಾಗೆ ಹಾಕಿಕೊಡಿ ಅಂದವರೊಬ್ಬರಿಗೆ ನಾನು ಕಾಫಿ ಕುಡಿದು ಎದ್ದು ಬಂದಿದ್ದೇನೆ.

ಜಿಎಸ್‌ಟಿ, ಲೈಸೆನ್ಸ್, ಸಾಲ?

ಸಣ್ಣ ಉದ್ಯಮಗಳಿಗೆ ಇರುವ ಉದ್ಯಮ್ ನೋಂದಣಿ ಆಧಾರ್‌ನಿಂದ ಆನ್‌ಲೈನ್‌ನಲ್ಲೇ ಆಗುತ್ತದೆ, ಶುಲ್ಕ ಇಲ್ಲ. ಯಾರಾದರೂ ದುಡ್ಡು ಕೇಳಿದರೆ ಅದು ಅವರ ಸ್ವಂತ ಶುಲ್ಕ. ಫಿಟ್ಟಿಂಗ್ ಸೇವೆ ಇರುವುದರಿಂದ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ಬೇಕು. ಕೇಂದ್ರ ಸರ್ಕಾರದ ಮುದ್ರಾ ಯೋಜನೆಯ ಶಿಶು ಸಾಲ 50,000ದ ತನಕ, ಕಿಶೋರ ಸಾಲ 5 ಲಕ್ಷದ ತನಕ, ಅಡಮಾನ ಬೇಕಿಲ್ಲ. ಶುರುವಿಗೆ ಶಿಶು ಸಾಲವೇ ಸಾಕು.

ದುಬಾರಿ ಸೆಟ್ಟು, ಆಂಪ್ಲಿಫೈಯರ್ ಹಾಕಿಸಿಕೊಂಡ ಗಿರಾಕಿಗೆ ಬಿಲ್ ಕೊಟ್ಟು, ಇನ್ಶೂರೆನ್ಸ್ ಪಾಲಿಸಿಯಲ್ಲಿ ಸೇರಿಸಿಕೊಳ್ಳಲು ಹೇಳಿ. ಸೇರಿಸದಿದ್ದರೆ ಕಳ್ಳತನವಾದಾಗ ಕ್ಲೇಮ್ ಸಿಗುವುದು ಕಷ್ಟ.

ಗಿರಾಕಿಗಳನ್ನು ಹಿಡಿಯುವುದು ಹೇಗೆ?

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ವಿಳಾಸ ಇಲ್ಲದೆಯೂ, ಯಾವ ಊರುಗಳಿಗೆ ಹೋಗುತ್ತೀರಿ ಅಂತ ಮಾತ್ರ ತೋರಿಸಿ ನೋಂದಾಯಿಸಬಹುದು. ಅದರ ಜೊತೆ ವಾಟರ್ ವಾಶ್‌ನವರು, ಹಳೆ ಕಾರು ಮಾರುವವರು, ಡ್ರೈವಿಂಗ್ ಸ್ಕೂಲಿನವರನ್ನು ಪರಿಚಯ ಮಾಡಿಕೊಳ್ಳಿ. ಹಳೆ ಕಾರು ತಗೊಂಡವರು ಮೊದಲ ವಾರದಲ್ಲೇ ಸೆಟ್ಟು ಬದಲಾಯಿಸುತ್ತಾರೆ.

ಕಾರು ಎಲ್ಲಿ ನಿಲ್ಲಿಸಿಕೊಂಡು ಕೆಲಸ ಮಾಡಬೇಕು?

ಬಿಸಿಲಲ್ಲಿ ನಿಂತಿದ್ದ ಕಾರಿನ ಪ್ಲಾಸ್ಟಿಕ್ ಮೆತ್ತಗಾಗಿರುತ್ತದೆ, ಚಳಿಗಾಲದ ಬೆಳಿಗ್ಗೆ ಗಡುಸಾಗಿ ಕ್ಲಿಪ್ ಬೇಗ ಮುರಿಯುತ್ತದೆ. ನೆರಳು ಬೇಕು, ನೆಲ ಸಮ ಇರಬೇಕು, ಬಾಗಿಲು ಪೂರ್ತಿ ತೆರೆಯುವಷ್ಟು ಜಾಗ ಬೇಕು. ಫೋನ್‌ನಲ್ಲೇ ಇದನ್ನು ಕೇಳಿಕೊಳ್ಳಿ. "ಮರದ ಕೆಳಗೆ ನೆರಳಿದೆ ಬನ್ನಿ" ಅಂದರೆ ಯಾವ ಮರ ಅಂತಲೂ ಕೇಳಿ. ತಿಪಟೂರು ಕಡೆ ಅದು ತೆಂಗಿನ ಮರವೇ ಆಗಿರುತ್ತದೆ. ಬಿಚ್ಚಿದ ಸೆಟ್ಟು ಬಾನೆಟ್ ಮೇಲೆ, ನಿಮ್ಮ ತಲೆ ಬಾಗಿಲ ಹೊರಗೆ, ಮೇಲೆ ಬಲಿತ ಗೊನೆ!